ಹಳೆಯ ಮರಗೆಲಸದ ಹತಾರಗಳನ್ನು ಆರಿಸಿ ಕೊಳ್ಳುವ ಬಗೆ



ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನವೇ ಕುಂಟೆಯ ದಿಂಡು ಸೀಳಿತೆನ್ನಿ. ಹೊಲ ಹದಕ್ಕೆ ಬಂದಿದೆ, ಎತ್ತುಗಳು ಕೊಟ್ಟಿಗೆಯಲ್ಲಿ ನಿಂತಿವೆ, ಬಡಗಿಯವರಾದರೋ ದೂರದ ಪೇಟೆಯಲ್ಲಿ ಯಾರದೋ ಮನೆಯ ಬಾಗಿಲು ಕಿಟಕಿ ಮಾಡುತ್ತಿದ್ದಾರೆ. ಅವರು ಬರುವುದು ನಾಲ್ಕು ದಿನವಾದೀತು. ಮಣ್ಣಿನ ಹದ ನಾಲ್ಕು ದಿನ ಕಾಯುವುದಿಲ್ಲ. ಹಿಂದೆ ಬಡಗಿ, ಕಮ್ಮಾರ ಇಬ್ಬರೂ ಊರಿನ ಆಯಗಾರರ ಪೈಕಿ ಇದ್ದರು. ಸುಗ್ಗಿಯಲ್ಲಿ ಕಣದಿಂದ ತಮ್ಮ ಆಯದ ಕಾಳನ್ನು ಒಯ್ಯುತ್ತಿದ್ದರು, ವರ್ಷವಿಡೀ ನಮ್ಮ ನೇಗಿಲು ನೊಗಗಳನ್ನು ನೋಡಿಕೊಳ್ಳುತ್ತಿದ್ದರು. ಆ ಏರ್ಪಾಟು ಬಹುಮಟ್ಟಿಗೆ ಅಳಿದುಹೋಗಿದೆ. ಟ್ರ್ಯಾಕ್ಟರು ಬಂದ ಮನೆಯಲ್ಲಿಯೂ ಗುದ್ದಲಿಗೆ ಕಾವು ಬೇಕು, ದನಗಳಿಗೆ ಗೋದಲಿ ಬೇಕು, ಕೊಟ್ಟಿಗೆಗೆ ಬಾಗಿಲು ಬೇಕು. ಆದುದರಿಂದ ಇಷ್ಟು ಸಣ್ಣ ಕೆಲಸವನ್ನಾದರೂ ತಾನೇ ಮಾಡಿಕೊಳ್ಳಲು ರೈತನ ಮನೆಯಲ್ಲಿ ನಾಲ್ಕಾರು ಹತಾರಗಳು ಇರತಕ್ಕದ್ದು.

ಬೇಕಾದವು ಬಹಳವಿಲ್ಲ. ಒಂದು ಬಾಚಿ, ಅಗಲದ್ದೊಂದು ಕಿರಿದೊಂದು ಎರಡು ಉಳಿ, ಒಂದು ಗರಗಸ, ಒಂದು ಹತ್ತರಿ, ತೂತು ಕೊರೆಯಲು ಒಂದು ಬೈರಿಗೆ. ಕೊಡತಿಯನ್ನು ಕೊಳ್ಳಬೇಕಾಗಿಯೇ ಇಲ್ಲ, ಹುಣಸೆಯ ಕೊರಡಿನಲ್ಲಿ ನೀವೇ ಮಾಡಿಕೊಳ್ಳಬಹುದು. ಇವನ್ನೆಲ್ಲ ಹೊಸದಾಗಿ ಕೊಂಡರೆ ಕೈಗೆ ಭಾರವಾದೀತು. ಅಗ್ಗದ ಹೊಸದನ್ನು ಕೊಂಡರೆ ಜಾಲಿಯ ಮರಕ್ಕೆ ಎರಡು ಏಟು ಹಾಕುವಷ್ಟರಲ್ಲಿ ಮೊನೆ ಮಡಿಸೀತು. ಹಳೆಯದರಲ್ಲಿ ಒಳ್ಳೆಯ ಉಕ್ಕು ಕಡಿಮೆ ಹಣಕ್ಕೆ ದೊರೆಯುವುದುಂಟು. ಆದರೆ ಕಣ್ಣಿದ್ದವರಿಗೆ ಮಾತ್ರ.

ನೀವು ಮೊದಲು ಕಲಿಯಬೇಕಾದ್ದು ಇಷ್ಟೇ. ಹಳೆಯ ಹತಾರವನ್ನು ಕೈಗೆತ್ತಿಕೊಂಡಾಗ, ಇದು ಎಷ್ಟು ಕೊಳೆಯಾಗಿದೆ ಎಂದು ನೋಡಬೇಡಿ. ಇದರಲ್ಲಿ ಕೆಟ್ಟಿರುವ ಭಾಗವನ್ನು ನಾನಾಗಲಿ ಕುಲುಮೆಯವರಾಗಲಿ ಮತ್ತೆ ಮಾಡಬಲ್ಲೆವೇ ಎಂದು ಕೇಳಿಕೊಳ್ಳಿ. ಮುರಿದ ಹಿಡಿ, ಮೊಂಡು ಮೊನೆ, ಮೇಲುಮೇಲಿನ ತುಕ್ಕು ಇವೆಲ್ಲ ಸರಿಹೋಗತಕ್ಕ ದೋಷಗಳು. ಬಿರುಕು, ಸವೆದು ಮುಗಿದ ಉಕ್ಕು, ಮೊನೆಯೊಳಕ್ಕೆ ಇಳಿದ ತುಕ್ಕಿನ ಗುಳಿ ಇವು ಸರಿಹೋಗುವಂಥವಲ್ಲ. ಸಾಮಾನ್ಯವಾಗಿ ಜನ ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಕೆಂಪಗೆ ತುಕ್ಕು ಹಿಡಿದ ಒಳ್ಳೆಯ ಉಳಿಯನ್ನು ಬಿಟ್ಟು, ಹೊಳೆಯುವ ಕೆಟ್ಟದ್ದನ್ನು ತರುತ್ತಾರೆ.

ನಾನೇ ಹಾಗೆ ಮಾಡಿದವನು. ಒಮ್ಮೆ ಪೇಟೆಯ ಗುಜರಿ ಅಂಗಡಿಯೊಂದರಲ್ಲಿ ಕಪ್ಪು ಬಣ್ಣ ಬಳಿದು ಮಿರಮಿರ ಮಿಂಚುತ್ತಿದ್ದ ಕಬ್ಬಿಣದ ಹತ್ತರಿಯನ್ನು ಕಂಡು, ಚೌಕಾಸಿಯನ್ನೂ ಮಾಡದೆ ಕೊಂಡುತಂದೆ. ಮೂರನೆಯ ದಿನ ಹಲಗೆಯ ಗಂಟಿಗೆ ತಾಗಿ ಅದು ಬಾಯಿಯ ಬಳಿ ಎರಡು ತುಂಡಾಯಿತು. ಬಣ್ಣವನ್ನು ಕೆರೆದು ನೋಡಿದರೆ, ಹಿಂದೊಮ್ಮೆ ಸೀಳಿದ್ದನ್ನು ಹಿತ್ತಾಳೆಯಿಂದ ಬೆಸೆದ ಹಳದಿ ಗೆರೆ ಕಂಡಿತು. ಅಂದಿನಿಂದ ಹಳೆಯ ಹತಾರಕ್ಕೆ ಹೊಸ ಬಣ್ಣ ಕಂಡರೆ ನನಗೆ ಅನುಮಾನ. ತುಕ್ಕು ಯಾರನ್ನೂ ಮೋಸಗೊಳಿಸುವುದಿಲ್ಲ, ಬಣ್ಣ ಮೋಸಗೊಳಿಸುತ್ತದೆ.

ಎಲ್ಲಿ ಹುಡುಕಬೇಕು

ಮೊದಲು ನಿಮ್ಮ ಮನೆಯ ಅಟ್ಟವನ್ನೇ ನೋಡಿ. ಅಜ್ಜನ ಕಾಲದ ಬಾಚಿಯೊಂದು ಮೂಲೆಯಲ್ಲಿ ಬಿದ್ದಿರಬಹುದು. ಅನಂತರ ವಾರದ ಸಂತೆ. ಕುಡಗೋಲು, ಸರಪಣಿ, ಬೀಗ ಹರಡಿಕೊಂಡು ಕೂರುವವರ ಬಳಿ ಹಳೆಯ ಉಳಿಗಳೂ ಇರುತ್ತವೆ. ಕೇಳಿದರೆ ಚೀಲದೊಳಗಿನದನ್ನೂ ತೆಗೆಯುತ್ತಾರೆ. ಆಮೇಲೆ ಪೇಟೆಯ ಗುಜರಿ ಅಂಗಡಿಗಳು. ಅಲ್ಲಿ ಕಬ್ಬಿಣವೆಲ್ಲ ತೂಕದ ಲೆಕ್ಕ. ನೀವು ಹೋಗದಿದ್ದರೆ ಆ ರಾಶಿ ಹಾಗೆಯೇ ಲಾರಿ ಹತ್ತಿ ಕರಗಿಸುವ ಕುಲುಮೆಗೆ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಸಂದರ್ಭ ಬಂದರೆ ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ನಡೆಯುವ ಸಂಡೆ ಬಜಾರನ್ನು ನೋಡಿರಿ. ಬೇಗ ಹೋದಷ್ಟೂ ಒಳ್ಳೆಯದು. ಒಳ್ಳೆಯ ಮಾಲನ್ನು ಕಣ್ಣು ಪಳಗಿದವರು ಮೊದಲೇ ಎತ್ತಿಕೊಂಡುಬಿಡುತ್ತಾರೆ.

ಸಾಧ್ಯವಾದರೆ ಬೇಸಿಗೆಯಲ್ಲಿ ಕೊಳ್ಳಿ. ಮಳೆಗಾಲದಲ್ಲಿ ಮರವು ತೇವ ಹೀರಿ ಊದಿಕೊಳ್ಳುವುದರಿಂದ ಮರದ ಹತ್ತರಿಯ ಸೀಳುಗಳು ಮುಚ್ಚಿಕೊಂಡು ಕಾಣದೆ ಹೋಗುತ್ತವೆ. ಚೈತ್ರ ವೈಶಾಖದ ಬಿಸಿಲಿನಲ್ಲಿ ಅವೇ ಬಾಯಿ ಬಿಟ್ಟು ತಾವಾಗಿ ತೋರುತ್ತವೆ.

ಹೋಗುವಾಗ ಚೀಲದಲ್ಲಿ ಒಂದು ಸಣ್ಣ ಅರ, ಆರಂಗುಲದ ಉಕ್ಕಿನ ಅಳತೆಪಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಚೂರು, ಒಂದಿಷ್ಟು ದಾರ ಇರಲಿ. ಕಣ್ಣು ಮಂಜಾದವರು ಕನ್ನಡಕವನ್ನು ಮರೆಯಕೂಡದು. ಅರವನ್ನು ಮಾಲಿಗೆ ತಾಗಿಸುವ ಮುನ್ನ ಅಂಗಡಿಯವರ ಅಪ್ಪಣೆ ಕೇಳಿ. "ಸ್ವಲ್ಪ ಉಜ್ಜಿ ನೋಡಲೇ, ಸಾಹೇಬರೆ?" ಎಂದರೆ ಬೇಡವೆನ್ನುವವರು ಕಡಿಮೆ. ಬೇಡವೆಂದರೆ ಆ ಮಾಲನ್ನು ಬಿಟ್ಟುಬಿಡಿ.

ಉಳಿ ಮತ್ತು ಬಾಚಿ

ಉಳಿಗೆ ಎರಡು ಮುಖ: ಒಂದು ಸಾಣೆ ಹಿಡಿದ ಇಳಿಜಾರು, ಇನ್ನೊಂದು ಚಪ್ಪಟೆಯಾದ ಬೆನ್ನು. ಎರಡೂ ಕೂಡುವ ಗೆರೆಯೇ ಮೊನೆ. ಇಳಿಜಾರಿನ ಕಡೆ ಎಷ್ಟು ತುಕ್ಕಿದ್ದರೂ ಚಿಂತೆಯಿಲ್ಲ, ಸಾಣೆಯಲ್ಲಿ ಅದು ಹೇಗೂ ಹೋಗುತ್ತದೆ. ಬೆನ್ನಿನ ಕಡೆ, ಮೊನೆಯಿಂದ ಒಂದು ಅಂಗುಲದೊಳಗೆ, ಸಿಡುಬಿನ ಕಲೆಯಂತೆ ಗುಳಿಗಳಿವೆಯೇ ಎಂದು ಎಣ್ಣೆಬಟ್ಟೆಯಿಂದ ಒರಸಿ ನೋಡಿ. ಆಳವಾದ ಗುಳಿಯಿದ್ದರೆ ನೀವು ಎಷ್ಟು ಮಸೆದರೂ ಮೊನೆ ಗರಗಸದ ಹಲ್ಲಿನಂತೆ ಹರಕುಮುರುಕಾಗಿಯೇ ಉಳಿಯುತ್ತದೆ. ಹಿಡಿಯ ಬಳಿಯ ಗುಳಿಗಳಿಂದ ತೊಂದರೆಯಿಲ್ಲ.

ಅನಂತರ ಉದ್ದ. ಉಳಿ ಮಸೆದಂತೆಲ್ಲ ಮೋಟಾಗುತ್ತದೆ. ಅಲಗು ಎರಡು ಅಂಗುಲಕ್ಕಿಂತ ಕಡಿಮೆ ಉಳಿದಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಿರಿ. ನಮ್ಮ ಕಮ್ಮಾರರು ಮಾಡಿದ ಹಳೆಯ ಉಳಿ ಬಾಚಿಗಳಲ್ಲಿ ಇನ್ನೊಂದು ಸಂಗತಿಯುಂಟು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಮೈಯೆಲ್ಲ ಮೆದು ಕಬ್ಬಿಣದ್ದು, ಮೊನೆಗೆ ಮಾತ್ರ ಒಂದು ತೆಳು ಉಕ್ಕಿನ ಪಟ್ಟಿಯನ್ನು ಬೆಸೆದು ಮಾಡುತ್ತಿದ್ದರು. ಆ ಪಟ್ಟಿ ಸವೆದು ಹೋಗಿದ್ದರೆ ಉಳಿದಿರುವುದು ಬರೀ ಕಬ್ಬಿಣ. ಇಳಿಜಾರನ್ನು ಅರದಿಂದ ಎರಡು ಬಾರಿ ಉಜ್ಜಿ ನೋಡಿದರೆ ಎರಡು ಬಣ್ಣ ಕಾಣುತ್ತವೆ: ಉಕ್ಕು ಹೊಳಪಾಗಿ, ಕಬ್ಬಿಣ ಮಾಸಲು ಬೂದಾಗಿ. ಅರ ಉಕ್ಕಿನ ಮೇಲೆ ಜಾರಬೇಕು ಅಥವಾ ಬಹು ಕಷ್ಟದಿಂದ ಹಿಡಿಯಬೇಕು. ಬೆಲ್ಲವನ್ನು ಕೆರೆದಂತೆ ಸುಲಭವಾಗಿ ಹಿಡಿದರೆ ಅಲ್ಲಿ ಉಕ್ಕಿಲ್ಲ, ಇಲ್ಲವೇ ಅದರ ಹದ ಹೋಗಿದೆ.

ಹದ ಹೋಗುವುದು ಹೇಗೆಂದರೆ ಕಾವಿನಿಂದ. ಕರೆಂಟಿನ ಸಾಣೆಚಕ್ರಕ್ಕೆ ಒತ್ತಿ ಹಿಡಿದಾಗ ಮೊನೆ ಮೊದಲು ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆಗ ಕಾವು ಸುಮಾರು 230 ಡಿಗ್ರಿ ಸೆಂಟಿಗ್ರೇಡ್. ಸುಮಾರು 300 ಡಿಗ್ರಿಗೆ ನೀಲಿಯಾಗುತ್ತದೆ. ನೀಲಿಯಾದ ಉಳಿ ಮೊನೆ ನಿಲ್ಲಿಸದು. ನೀಲಿ ಒಂದು ಗೆರೆಯಷ್ಟೇ ಇದ್ದರೆ ಅಷ್ಟನ್ನು ನಿಧಾನವಾಗಿ ಕೈಸಾಣೆಯಲ್ಲಿ ಸವೆಸಿ ತೆಗೆಯಬಹುದು. ಅರ್ಧ ಅಂಗುಲ ಹಬ್ಬಿದ್ದರೆ ಕುಲುಮೆಗೆ ಒಯ್ದು ಕಾಸಿ ಮತ್ತೆ ಹದ ಕೊಡಿಸಬೇಕು. ಬಲ್ಲ ಕಮ್ಮಾರರು ಹತ್ತಿರದಲ್ಲಿದ್ದರೆ ಮಾತ್ರ ಅಂಥದನ್ನು ಕೊಳ್ಳಿ.

ಬಾಚಿಯಲ್ಲಿ ಮೊನೆಗಿಂತ ಮೊದಲು ಕಾವು ಹೊಗುವ ತೂತಿನ ಸುತ್ತ ನೋಡಿ. ಏಟಿನ ಭಾರವೆಲ್ಲ ಬೀಳುವುದು ಅಲ್ಲಿಯೇ. ಕೂದಲೆಳೆಯಂಥ ಗೆರೆ ಕಂಡರೂ ಬೇಡ. ಕೆಲಸದ ನಡುವೆ ಸಿಡಿದರೆ ಕಾಲಿಗೋ ಕಣ್ಣಿಗೋ ಅಪಾಯ. ಗೆರೆ ಕಾಣದಿದ್ದರೆ ದಾರ ಕಟ್ಟಿ ತೂಗಾಡಿಸಿ ಸಣ್ಣ ಕಬ್ಬಿಣದಿಂದ ತಟ್ಟಿರಿ. ಗಟ್ಟಿಯಾದದ್ದು ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಲೊಟ್ಟೆನ್ನುತ್ತದೆ. ಹೆಣ್ಣುಮಕ್ಕಳು ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಇದೂ ಅದೇ ಪರೀಕ್ಷೆ. ಸವೆದ ಬಾಚಿಗೆ ಮಾತ್ರ ಹೆದರಬೇಕಾಗಿಲ್ಲ. ತೂತು ಗಟ್ಟಿಯಿದ್ದರೆ ಕುಲುಮೆಯಲ್ಲಿ ಮೊನೆಗೆ ಹೊಸ ಉಕ್ಕು ಹಾಕಿಸಬಹುದು. ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ಇದಕ್ಕೆ ಚೆನ್ನಾಗಿ ಒದಗುತ್ತದೆ.

ಕೆಲವು ಉಳಿಗಳ ಮೇಲೆ, ತುಕ್ಕನ್ನು ಒರಸಿದಾಗ, 'ಕಾಸ್ಟ್ ಸ್ಟೀಲ್', 'ಶೆಫೀಲ್ಡ್' ಎಂಬ ಇಂಗ್ಲಿಷ್ ಅಕ್ಷರಗಳು ಕಂಡಾವು. ಓದಲು ಬಾರದವರು ಮಕ್ಕಳಿಂದ ಓದಿಸಲಿ. ಇದನ್ನು ಎರಕದ ಕಬ್ಬಿಣವೆಂದು ತಿಳಿದು ಬಿಡುವವರಿದ್ದಾರೆ, ಹಾಗಲ್ಲ. ಮೂಸೆಯಲ್ಲಿ ಕರಗಿಸಿ ಮಾಡಿದ ಶ್ರೇಷ್ಠ ಉಕ್ಕೆಂದು ಅದರ ಅರ್ಥ. ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದ ಬಳಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು 1740ರ ದಶಕದಲ್ಲಿ ಆ ಕ್ರಮವನ್ನು ರೂಢಿಗೆ ತಂದನು. ಮೂಸೆಯ ಉಕ್ಕು ನಮಗೇನೂ ಹೊಸದಲ್ಲ. ದಕ್ಷಿಣದೇಶದಲ್ಲಿ ಅದಕ್ಕೂ ಬಹು ಶತಮಾನಗಳ ಹಿಂದಿನಿಂದ ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿ ಆ ಕೆಲಸ ನಡೆಯುವುದನ್ನು ಕುರಿತು ಬರೆದಿಟ್ಟಿದ್ದಾನೆ. ಪರದೇಶದವರು ಅದನ್ನು 'ವುಟ್ಜ್' ಎಂದು ಕರೆದರು. ನಮ್ಮ ಕನ್ನಡದ 'ಉಕ್ಕು' ಎಂಬ ಮಾತೇ ಹಾಗೆ ತಿರುಗಿತೆಂದು ಅನೇಕ ಪಂಡಿತರ ಅಭಿಪ್ರಾಯ. ಅದೇನೇ ಇರಲಿ, ಆ ಅಕ್ಷರಗಳಿರುವ ಉಳಿ ಗುಳಿಯಿಲ್ಲದೆ ಸಿಕ್ಕಿದರೆ ಬಿಡಬೇಡಿ.

ಹತ್ತರಿ

ಇದನ್ನು ಕೆಲವೆಡೆ ತೋಪಡವೆಂದೂ, ಪುಸ್ತಕಗಳಲ್ಲಿ ಉಜ್ಜುಗೊರಡೆಂದೂ ಕರೆಯುತ್ತಾರೆ. ಮರದ ಮೈಯದೊಂದು, ಕಬ್ಬಿಣದ ಮೈಯದೊಂದು, ಎರಡು ಬಗೆ. ಇವೆರಡನ್ನೂ ಪರೀಕ್ಷಿಸುವ ಕ್ರಮ ಒಂದಕ್ಕೊಂದು ತಲೆಕೆಳಗು ಎಂಬುದನ್ನು ನೆನಪಿಡಬೇಕು.

ಮರದ ಹತ್ತರಿಯಲ್ಲಿ ಅಲಗೇ ಮುಖ್ಯ. ಮೈ ಸವೆದಿದ್ದರೆ, ಬಾಯಿ ಅಗಲವಾಗಿದ್ದರೆ, ತಳಕ್ಕೆ ಗಟ್ಟಿಮರದ ತುಂಡೊಂದನ್ನು ಕೂರಿಸಬಹುದು. ಪೂರಾ ಕೆಟ್ಟಿದ್ದರೆ ಹೊಸ ಮೈಯನ್ನೇ ಮಾಡಿಸಬಹುದು. ಹಳೆಯ ದಪ್ಪ ಅಲಗು ಮಾತ್ರ ಬೇಕೆಂದಾಗ ಸಿಗುವುದಿಲ್ಲ. ಮೈಯಲ್ಲಿ ಸಣ್ಣ ತೂತುಗಳಿದ್ದು ಅಂಗೈಗೆ ತಟ್ಟಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗೆ ತಿನ್ನುತ್ತಿದೆ ಎಂದರ್ಥ; ಅಲಗನ್ನಷ್ಟೇ ಕೇಳಿ ಕೊಳ್ಳಿ.

ಕಬ್ಬಿಣದ್ದರಲ್ಲಿ ಮೈಯೇ ಮುಖ್ಯ. ಅದು ಎರಕದ ಕಬ್ಬಿಣ. ನೆಲಕ್ಕೆ ಬಿದ್ದರೆ ಸೀಳುತ್ತದೆ, ಸೀಳಿದ ಮೇಲೆ ನಂಬಲಾಗದು. ಬಾಯಿಯ ನಾಲ್ಕು ಮೂಲೆ, ಎರಡು ಪಕ್ಕ ಇವನ್ನು ಬೆಳಕಿಗೆ ಹಿಡಿದು ನೋಡಿ. ಅಳತೆಪಟ್ಟಿಯನ್ನು ತಳದ ಮೇಲೆ ನೆಟ್ಟಗೆ ನಿಲ್ಲಿಸಿ ಕೆಳಗಿನಿಂದ ಬೆಳಕು ಎಷ್ಟು ತೂರುತ್ತದೆಂಬುದನ್ನೂ ನೋಡಿ. ಅಲಗು ಸವೆದಿದ್ದರೆ ಅಷ್ಟು ಚಿಂತೆ ಬೇಡ. ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಮಾದರಿಯನ್ನೇ ಇಂಗ್ಲೆಂಡಿನವರೂ ನಮ್ಮ ದೇಶದವರೂ ಅನುಸರಿಸಿದ್ದಾರೆ. ನಾಲ್ಕನೆಯ ನಂಬರು ಎಂದರೆ ಸುಮಾರು ಒಂಬತ್ತು ಅಂಗುಲ ಉದ್ದ, ಐದನೆಯದು ಸುಮಾರು 14 ಅಂಗುಲ. ಎರಡಕ್ಕೂ ಸಾಮಾನ್ಯವಾಗಿ ಎರಡಂಗುಲ ಅಗಲದ ಅಲಗೇ ಆದ್ದರಿಂದ ಹೊಸದನ್ನು ಪೇಟೆಯಲ್ಲಿ ಕೊಳ್ಳಬಹುದು. ರೈತನಿಗೆ ಒಂದೇ ಸಾಕೆನ್ನುವುದಾದರೆ ಐದನೆಯ ನಂಬರನ್ನು ನಾನು ಹೇಳುತ್ತೇನೆ. ಅಲಗಿನ ಮೇಲೆ ಕೂರುವ ಎರಡನೆಯ ತಗಡು, ಅದನ್ನು ಬಿಗಿಯುವ ತಿರುಪು ಇವೆಯೇ ಎಂದು ಬಿಚ್ಚಿ ನೋಡಿಯೇ ಹಣ ಕೊಡಿ.

ಗರಗಸ ಮತ್ತು ಬೈರಿಗೆ

ಗರಗಸವನ್ನು ಬಂದೂಕಿನಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ಹಲ್ಲಿನ ಸಾಲನ್ನು ನೋಡಿ. ಕ್ರಮವಾದ ಸಣ್ಣ ಬಾಗು ಪರವಾಗಿಲ್ಲ. ಒಂದೇ ಕಡೆ ಮಡಿಸಿದಂಥ ಸೊಟ್ಟವಿದ್ದರೆ ಅದು ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಸೊಟ್ಟ ತೆಗೆಯುವುದು ಪಳಗಿದವರಿಗೂ ಕಷ್ಟ. ತುದಿಯನ್ನು ಮೆಲ್ಲಗೆ ಬಗ್ಗಿಸಿ ಬಿಟ್ಟರೆ ತಾನಾಗಿ ನೆಟ್ಟಗಾಗಬೇಕು. ಹಲ್ಲು ಮೊಂಡಾಗಿದ್ದರೆ ಮೂರುಮೂಲೆಯ ಅರದಿಂದ ಅರೆಯಬಹುದು. ಆದರೆ ಈಚಿನ ಕೆಲವು ಗರಗಸಗಳ ಹಲ್ಲಿನ ತುದಿ ಕಪ್ಪುನೀಲಿಯಾಗಿರುತ್ತದೆ. ಅವನ್ನು ಕಾರ್ಖಾನೆಯಲ್ಲಿಯೇ ವಿಪರೀತ ಗಡುಸು ಮಾಡಿರುವುದರಿಂದ ಅರ ಹಿಡಿಯುವುದಿಲ್ಲ. ಹೊಸದಾಗಿದ್ದಾಗ ಅವು ಚೆನ್ನಾಗಿ ಕೊಯ್ಯುತ್ತವೆ. ಮೊಂಡಾದ ಮೇಲೆ ಅವಕ್ಕೆ ಎರಡನೆಯ ಜನ್ಮವಿಲ್ಲ. ಅಂಥದು ಪುಕ್ಕಟೆ ಸಿಕ್ಕಿದರೂ ಹೊತ್ತು ತರಬೇಡಿ.

ಬೈರಿಗೆಯ ಮೊಳೆಯ ತುದಿಯಲ್ಲಿ ಮರದೊಳಕ್ಕೆ ಎಳೆದುಕೊಂಡು ಹೋಗುವ ಸಣ್ಣ ತಿರುಪು ಇರುತ್ತದೆ. ಅದರ ಸುರುಳಿ ಅಳಿಸಿದ್ದರೆ ಬಿಡಿ.

ಬೆಲೆಯ ಮಾತು

ಎಲ್ಲಕ್ಕಿಂತ ಒಳ್ಳೆಯ ಹತಾರಗಳು ದೊರೆಯುವುದು ಕಸುಬು ನಿಂತುಹೋದ ಬಡಗಿಯವರ ಮನೆಗಳಲ್ಲಿ. ಇಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಒಮ್ಮೆ ನಾನು ಅಂಥ ಮನೆಗೆ ಹೋದಾಗ ಯಜಮಾನರು ತೀರಿ ಎರಡು ವರ್ಷವಾಗಿತ್ತು. ಅಜ್ಜಿ ಒಬ್ಬರೇ ಇದ್ದರು. ಪೆಟ್ಟಿಗೆಯನ್ನು ಹೊರಗೆ ಎಳೆದು, "ಗುಜರಿಯವನು ತೂಕಕ್ಕೆ ಹಾಕ್ತೀನಿ ಅಂದವ್ನೆ ಕಣಪ್ಪ, ನೀನು ಎಷ್ಟು ಕೊಡ್ತೀಯೋ ಕೊಡು" ಎಂದರು. ಪೆಟ್ಟಿಗೆಯಲ್ಲಿ ಹನ್ನೊಂದು ಉಳಿ, ಒಂದಕ್ಕೂ ತುಕ್ಕಿಲ್ಲ. ಪ್ರತಿಯೊಂದರ ಹಿಡಿಯ ಮೇಲೂ ಅವರ ಯಜಮಾನರ ಹೆಸರಿನ ಮೊದಲಕ್ಷರ. ಗುಜರಿಯ ಲೆಕ್ಕದಲ್ಲಿ ಅದೆಲ್ಲ ಸೇರಿ ನಾಲ್ಕು ಕೆ.ಜಿ. ಕಬ್ಬಿಣ.

ನಾನು, "ಅಜ್ಜಿ, ಇದನ್ನ ತೂಕಕ್ಕೆ ಹಾಕಬೇಡಿ. ಮೊಮ್ಮಕ್ಕಳು ಯಾರಾದರೂ ಕಸುಬು ಹಿಡಿಯೋರು ಇದಾರ?" ಎಂದು ಕೇಳಿದೆ. ಮಗಳ ಮಗನೊಬ್ಬ ಪೇಟೆಯಲ್ಲಿ ಮರಗೆಲಸಕ್ಕೆ ಸೇರಿದ್ದನಂತೆ. ಅವನಿಗೆ ಆರು ಉಳಿಗಳನ್ನು ತೆಗೆದಿಡಿಸಿ, ಉಳಿದ ಐದಕ್ಕೆ ಹೊಸ ಉಳಿಯ ಬೆಲೆಯ ಅರ್ಧವನ್ನು ಕೊಟ್ಟು ತಂದೆ. ಹಾಗೆ ಕೊಟ್ಟಾಗಲೂ ನನಗೆ ಲಾಭವೇ ಆಯಿತು, ಏಕೆಂದರೆ ಆ ಐದೂ ಅಂಗಡಿಯ ಹೊಸದಕ್ಕಿಂತ ಮೇಲು. ಒಂದೇ ಉಳಿಯನ್ನು ಕೊಳ್ಳುವವರು ಹೊಸದರ ಬೆಲೆಯನ್ನು ಮೊದಲು ಅಂಗಡಿಯಲ್ಲಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮಾರುವವರಿಗೂ ಅದನ್ನು ತಿಳಿಸಬೇಕು. ಇನ್ನೊಂದು ಮಾತು: ಆಯುಧಪೂಜೆಯ ಆಸುಪಾಸಿನಲ್ಲಿ ಇಂಥ ಮನೆಗೆ ವ್ಯಾಪಾರಕ್ಕೆ ಹೋಗಬೇಡಿ. ಪೂಜೆಗೆ ಇಟ್ಟಿದ್ದನ್ನು ಬೆಲೆ ಕಟ್ಟಿ ಕೇಳುವುದು ಮರ್ಯಾದೆಯಲ್ಲ.

ಗುರುತಿಲ್ಲದವನು ಹೊಸತನದ ಒಳ್ಳೆಯ ಹತಾರಗಳನ್ನು ಅಗ್ಗಕ್ಕೆ ತಂದರೆ ಎಲ್ಲಿಯದೆಂದು ವಿಚಾರಿಸಿ, ಒಂದು ಚೀಟಿ ಬರೆಸಿಕೊಳ್ಳಿ. ಕಳವಿನ ಮಾಲೆಂದು ತಿಳಿದೂ ಕೊಂಡವನು ಶಿಕ್ಷೆಗೆ ಗುರಿಯಾಗುತ್ತಾನೆ. ಮರಗೆಲಸವನ್ನೇ ಕಸುಬಾಗಿ ಮಾಡುವವರು ನಿಮ್ಮ ಊರಿನಲ್ಲಿದ್ದರೆ ಅವರಿಗೆ ಹೇಳಿ: ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯದೂ ಒಂದು. ಅದರಲ್ಲಿ ಸಲಕರಣೆಗಳಿಗೆ 15,000 ರೂಪಾಯಿಯವರೆಗೆ ನೆರವನ್ನು ಗೊತ್ತುಮಾಡಿದೆ. ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಬಹುದು.

ಮನೆಗೆ ತಂದ ಮೇಲೆ

ತುಕ್ಕನ್ನು ಬಿಡಿಸಲು ಬೆಂಕಿಗೆ ಹಾಕಕೂಡದು. ಮುರಿದ ಕಾವನ್ನು ಸುಟ್ಟು ತೆಗೆಯಲೆಂದು ಕೊಡಲಿಯನ್ನು ಒಲೆಗೆ ತುರುಕುವ ಅಭ್ಯಾಸ ನಮ್ಮಲ್ಲುಂಟು. ಕಾವು ಬೂದಿಯಾಗುವಷ್ಟರಲ್ಲಿ ಕೊಡಲಿಯ ಹದವೂ ಬೂದಿಯಾಗಿರುತ್ತದೆ. ತೂತಿನಲ್ಲಿ ಸಿಕ್ಕಿಕೊಂಡ ಮರವನ್ನು ಬೈರಿಗೆಯಿಂದ ಕೊರೆದು ಹೊಡೆದು ತೆಗೆಯಿರಿ.

ಸಡಿಲವಾದ ತುಕ್ಕನ್ನು ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಇಟ್ಟಿಗೆಯ ಪುಡಿಯಿಂದ ಉಜ್ಜಿದರೆ ಹೋಗುತ್ತದೆ. ಹೋಗದಿದ್ದರೆ ಹಿತ್ತಾಳೆ ಪಾತ್ರೆಗೆ ಮಾಡುವಂತೆಯೇ ಹುಣಸೆಹಣ್ಣಿನ ಗಟ್ಟಿ ರಸ. ಅದರಲ್ಲಿ ಕೆಲವು ತಾಸು ನೆನೆಹಾಕಿ, ನಡುನಡುವೆ ತೆಗೆದು ಉಜ್ಜುತ್ತಿರಿ. ಮರೆತು ದಿನಗಟ್ಟಲೆ ಬಿಟ್ಟರೆ ಹುಳಿ ಉಕ್ಕನ್ನೂ ತಿಂದೀತು. ತೆಗೆದ ಮೇಲೆ ವಾಷಿಂಗ್ ಸೋಡಾದ ನೀರಿನಲ್ಲಿ ತೊಳೆದು, ಕೂಡಲೆ ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ಒದ್ದೆಯಾಗಿ ಒಂದು ಗಂಟೆ ಬಿಟ್ಟರೂ ಮತ್ತೆ ಕೆಂಪಾಗುತ್ತದೆ.

ಉಳಿಯನ್ನು ಮಸೆಯುವಾಗ ಮೊದಲು ಬೆನ್ನನ್ನು ಸಮನಾದ ಸಾಣೆಕಲ್ಲಿನ ಮೇಲೆ ಮಲಗಿಸಿ ಉಜ್ಜಿ, ಮೊನೆಯ ಬಳಿ ಕನ್ನಡಿಯಂತಾಗಲಿ. ಆಮೇಲೆ ಇಳಿಜಾರು. ಕೋನವನ್ನು ಅಳೆಯಲು ಯಾವ ಯಂತ್ರವೂ ಬೇಡ. ಇಳಿಜಾರಿನ ಉದ್ದವು ಅಲಗಿನ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ ಆಯಿತು. ಕಾಲಂಗುಲ ದಪ್ಪಕ್ಕೆ ಅರ್ಧ ಅಂಗುಲ. ಜಾಲಿಯಂಥ ಗಟ್ಟಿಮರಕ್ಕೆ ಇದು ಸರಿಯಾದದ್ದು. ಮೊನೆ ಬಂತೇ ಎಂದು ಬೆರಳಿನಿಂದ ನೋಡದೆ, ಮೆದುಮರದ ತುಂಡಿನ ಕೊಯ್ದ ತುದಿಯನ್ನು ಕೆತ್ತಿ ನೋಡಿ. ನುಣುಪಾಗಿ ಹೊಳೆಯುವ ಹೊಪ್ಪಳೆ ಎದ್ದರೆ ಬಂತು, ಪುಡಿಪುಡಿಯಾದರೆ ಇನ್ನೂ ಮಸೆಯಬೇಕು.

ಕೊಡಲಿ ಬಾಚಿಗಳ ಕಾವಿಗೆ ದಿಂಡಿಗದ ಮರ ಸಿಕ್ಕಿದರೆ ಅದಕ್ಕಿಂತ ಮೇಲಾದದ್ದಿಲ್ಲ. ಹಸಿಮರವನ್ನು ಹಾಕಬೇಡಿ, ಒಣಗಿದಾಗ ಸಡಿಲವಾಗುತ್ತದೆ. ಈ ಬೇಸಿಗೆಯಲ್ಲಿ ಕಡಿದು ನೆರಳಿನಲ್ಲಿ ಇಟ್ಟದ್ದು ಬರುವ ವರ್ಷದ ಕಾವಿಗೆ ಹದವಾದೀತು. ಮಳೆಗಾಲಕ್ಕೆ ಮುಂಚೆ ಎಲ್ಲ ಅಲಗುಗಳಿಗೂ ಹರಳೆಣ್ಣೆ ಸವರಿ, ಎಣ್ಣೆಬಟ್ಟೆಯಲ್ಲಿ ಸುತ್ತಿ, ಗೊಬ್ಬರ ಉಪ್ಪುಗಳ ಮೂಟೆಯಿಂದ ದೂರ, ಒಲೆಯ ಕೋಣೆಯ ಅಟ್ಟದ ಮೇಲೆ ಇಡಿ.